ಪಾತ್ರಕ್ಕೊಂದು ಮನೆ ಬೇಕು



ಅಂದು ಭಾನುವಾರ. ಎರಡನೆಯ ಪೂಜೆ ಮುಗಿದು ಜನರೆಲ್ಲ ಮನೆಗೆ ಹೊರಟಿದ್ದರು. ದೇವಾಲಯದ ಬಾಗಿಲು ಹಾಕಲು ಬಂದಾಗ ಕೊನೆಯ ಬೆಂಚಿನಲ್ಲಿ ಒಬ್ಬ ತಾಯಿ ಇನ್ನೂ ಕುಳಿತೇ ಇದ್ದರು. ಕೈಯಲ್ಲಿ ನಾಲ್ಕಾಗಿ ಮಡಚಿದ ಎರಡು ಹಾಳೆಗಳು.

"ಸ್ವಾಮಿ, ಇದನ್ನ ಒಂದು ಸಲ ಓದಿ ಹೇಳ್ತೀರಾ? ಮಗಳು ಓದಿ ಹೇಳಿದಳು. ಆದ್ರೂ ನಂಬೋಕೆ ಆಗ್ತಿಲ್ಲ," ಎಂದರು.

ಹಾಳೆಗಳ ತುಂಬ ಅವರ ಮಗನ ಇಂಗ್ಲಿಷ್ ಬರವಣಿಗೆ. ಅವನೊಬ್ಬ ಬಿಲ್ಲುಗಾರ. ಹತ್ತು ವರ್ಷದವನಿದ್ದಾಗ ಶತ್ರುಗಳು ಬಂದು ಊರಿಗೆ ಬೆಂಕಿ ಹಚ್ಚಿದರು. ಅಪ್ಪ, ಅಮ್ಮ, ತಂಗಿ ಮೂವರೂ ಸುಟ್ಟುಹೋದರು. ಅಂದಿನಿಂದ ಅವನಿಗೆ ಊರಿಲ್ಲ, ಮನೆಯಿಲ್ಲ. ಅವನಿಗಾಗಿ ಕಾಯುವವರು ಯಾರೂ ಇಲ್ಲ, ಅವನೂ ಯಾರಿಗಾಗಿಯೂ ಕಾಯುವುದಿಲ್ಲ. ಕಥೆ ಅಲ್ಲಿಗೆ ಮುಗಿದಿತ್ತು.

"ನಾವು ಮೂರು ಜನ ಗುಂಡುಕಲ್ಲಿನ ಹಾಗೆ ಇದೀವಿ ಸ್ವಾಮಿ. ನಮ್ಮನ್ನೆಲ್ಲ ಸಾಯಿಸಿಬಿಟ್ಟಿದ್ದಾನೆ," ಎಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮನೆಯ ಪರಿಸ್ಥಿತಿ ನನಗೆ ಗೊತ್ತಿತ್ತು. ಹುಡುಗ ಪಾಲಿಟೆಕ್ನಿಕ್ಕನ್ನು ಎರಡನೆಯ ವರ್ಷಕ್ಕೇ ಬಿಟ್ಟಿದ್ದ. ಹೊಸೂರಿನ ಸಿಪ್ಕಾಟ್ ಕಡೆ ಲೇತ್ ಕೆಲಸ ಮಾಡುವ ಅಪ್ಪ, ಅಂದಿನಿಂದ ಮಗನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಗೋಡೆಗಳಂತೆ ಇದ್ದರು. ಅಂಥ ಮನೆಯಲ್ಲಿ ಇಂಥ ಕಾಗದ ಸಿಕ್ಕರೆ ತಾಯಿಯ ಕರುಳು ಏನು ತಾನೇ ಯೋಚಿಸೀತು?

ಆ ತಾಯಿಯ ಮತ್ತು ಮಗನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇನೆ. ಇಂಥ ಹಾಳೆ ನಾಳೆ ನಿಮ್ಮ ಮನೆಯ ಮೇಜಿನ ಮೇಲೂ ಸಿಗಬಹುದು.

ಮರುದಿನ ಸಂಜೆ ಹುಡುಗನನ್ನು ಕರೆಸಿದೆ. ಹಾಳೆಗಳನ್ನು ಕಂಡು ಮೊದಲು ನಕ್ಕ, ಆಮೇಲೆ ನಾಚಿಕೊಂಡ. "ಅಯ್ಯೋ ಫಾದರ್, ಅದು ನಾನಲ್ಲ. ಗೇಮ್‌ನಲ್ಲಿ ನನ್ನ ಕ್ಯಾರೆಕ್ಟರು. ಅವನ ಬ್ಯಾಕ್‌ಸ್ಟೋರಿ ಅಷ್ಟೇ," ಎಂದ. ಬ್ಯಾಕ್‌ಸ್ಟೋರಿ ಎಂದರೆ ಪಾತ್ರದ ಪೂರ್ವಕಥೆ. ಆಟ ಶುರುವಾಗುವ ಮುಂಚೆ ಆ ಪಾತ್ರ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಏನನ್ನು ಕಳೆದುಕೊಂಡಿತು ಎಂಬ ಕಥೆ. ನನಗೆ ಅದು ಹೊಸದು. ಕುಳಿತು ಕೇಳಿದೆ. ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಇದು ಎಂಥ ಆಟ?

ಇದರಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಗೇಮ್ ಮಾಸ್ಟರ್. ಕಥೆಯ ಊರು, ಕಾಡು, ಸಂತೆ, ಶತ್ರುಗಳು ಎಲ್ಲವನ್ನೂ ನಡೆಸುವವರು ಅವರೇ. "ನಿಮ್ಮ ಮುಂದೆ ಮುರಿದ ಸೇತುವೆ ಇದೆ, ಏನು ಮಾಡ್ತೀರಿ?" ಎಂದು ಅವರು ಕೇಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಒಂದು ಕೂಟ ಮೂರು ನಾಲ್ಕು ಗಂಟೆ ನಡೆಯುತ್ತದೆ. ಕಥೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಮುಂದುವರಿಯುತ್ತದೆ.

ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಅದು ಹೊರಬಂತು. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಕೇವಲ 1000 ಪ್ರತಿ.

ಅದಕ್ಕೂ ಮುಂಚೆ ಇದ್ದದ್ದು ಯುದ್ಧದ ಆಟಗಳು. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನು ನಿಲ್ಲಿಸಿ ಒಬ್ಬೊಬ್ಬರು ಒಂದೊಂದು ಸೈನ್ಯ ನಡೆಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಮಿನ್ನೆಸೋಟಾ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಎಂಬುವರು ಒಂದು ಹೊಸ ಪ್ರಯೋಗ ಮಾಡಿದರು. ಆಟಗಾರರಿಗೆ ಸೈನ್ಯ ಕೊಡುವ ಬದಲು, ಒಂದು ಕಾಲ್ಪನಿಕ ಪಟ್ಟಣದ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟರು. ಒಬ್ಬ ನಗರಾಧ್ಯಕ್ಷ, ಇನ್ನೊಬ್ಬ ಸಾಹುಕಾರ, ಹೀಗೆ. ಆ ಬಳಗದಲ್ಲಿದ್ದ ಆರ್ನೆಸನ್ ಅದೇ ದಾರಿಯಲ್ಲಿ ಮುಂದೆ ಹೋದರು.

ಇದು ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಸೈನ್ಯಕ್ಕೆ ತಾಯಿ ಇರುವುದಿಲ್ಲ. ಒಬ್ಬ ಮನುಷ್ಯನಿಗೆ ಇರುತ್ತಾಳೆ. ಆಟದೊಳಗೆ ಒಬ್ಬ ಮನುಷ್ಯ ಬಂದ ಮೇಲೆ ಇವತ್ತಲ್ಲ ನಾಳೆ "ಇವನು ಯಾರ ಮಗ?" ಎಂಬ ಪ್ರಶ್ನೆಯೂ ಬರಲೇಬೇಕಿತ್ತು.

ದಾಳದಿಂದ ಕಥೆಯವರೆಗೆ

ಆರಂಭದ ದಿನಗಳಲ್ಲಿ ಆ ಪ್ರಶ್ನೆ ಕೇಳುವವರು ಕಡಿಮೆ. ಶಕ್ತಿ, ಬುದ್ಧಿ, ವಿವೇಕ, ಚುರುಕುತನ, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳಿಗೆ ಮೂರು ಮೂರು ದಾಳ ಉರುಳಿಸಿ, 3ರಿಂದ 18ರೊಳಗಿನ ಅಂಕ ಬರೆದುಕೊಂಡು, ಒಂದು ಹೆಸರಿಟ್ಟು ಗುಹೆಯೊಳಗೆ ನುಗ್ಗಿಬಿಡುತ್ತಿದ್ದರು. ಹೊಸ ಪಾತ್ರಗಳು ಬೇಗ ಸಾಯುತ್ತಿದ್ದವು. ಎರಡು ಗಂಟೆ ಬದುಕುವವನಿಗೆ ಯಾರು ತಾನೇ ವಂಶಾವಳಿ ಬರೆದಾರು?

1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ 'ಟ್ರಾವೆಲರ್' ಎಂಬ ಅಂತರಿಕ್ಷದ ಆಟ ಬಂತು. ಅದರಲ್ಲಿ ಆಟಕ್ಕೆ ಮುಂಚಿನ ಬದುಕನ್ನೂ ದಾಳವೇ ತೀರ್ಮಾನಿಸುತ್ತಿತ್ತು. ಪಾತ್ರ ಹದಿನೆಂಟನೆಯ ವಯಸ್ಸಿಗೆ ನೌಕಾದಳವನ್ನೋ ಭೂಸೇನೆಯನ್ನೋ ವ್ಯಾಪಾರಿ ಹಡಗನ್ನೋ ಸೇರುತ್ತದೆ. ನಾಲ್ಕು ನಾಲ್ಕು ವರ್ಷಗಳ ಲೆಕ್ಕದಲ್ಲಿ ಸೇವೆ. ಪ್ರತಿ ಸಲವೂ ಏನು ಕಲಿತೆ, ಬದುಕಿ ಉಳಿದೆಯಾ ಎಂದು ದಾಳ ಹೇಳುತ್ತದೆ. ಮೂಲ ನಿಯಮದ ಪ್ರಕಾರ ಆಟ ಶುರುವಾಗುವ ಮುಂಚೆಯೇ ನಿಮ್ಮ ಪಾತ್ರ ಸತ್ತುಹೋಗಬಹುದಿತ್ತು! ಇದನ್ನು ಹೇಳುತ್ತ ಹುಡುಗ ಬಿದ್ದು ಬಿದ್ದು ನಕ್ಕ. ಬದುಕಿ ಉಳಿದರೆ ಮೂವತ್ತು ನಲವತ್ತು ದಾಟಿ, ನಿವೃತ್ತಿಯಾಗಿ, ಮುಂದೇನು ಎಂದು ನಿಂತಿರುವವನೇ ಕಥಾನಾಯಕ. ನನ್ನ ವಯಸ್ಸಿನವರಿಗೂ ಅಲ್ಲಿ ಜಾಗ ಇದೆ ಎಂದು ನನಗೆ ಸಮಾಧಾನ.

1985ರಲ್ಲಿ ಗ್ರೆಗ್ ಸ್ಟಾಫರ್ಡ್ ತಂದ 'ಪೆಂಡ್ರಾಗನ್' ನನಗೆ ಬಹಳ ಹಿಡಿಸಿತು. ಅದು ಆರ್ಥರ್ ರಾಜನ ವೀರರ ಆಟ. ಮನೆಯವರ ಮೇಲಿನ ಪ್ರೀತಿ, ಒಡೆಯನ ಮೇಲಿನ ನಿಷ್ಠೆ ಇವುಗಳಿಗೂ ಅಲ್ಲಿ ಅಂಕಗಳಿವೆ. ಪ್ರತಿ ಚಳಿಗಾಲ ವೀರನು ಮನೆಗೆ ಮರಳಬೇಕು. ಮದುವೆ, ಮಕ್ಕಳು, ಹೊಲಮನೆಯ ಲೆಕ್ಕ ಎಲ್ಲ ಆಗ ನಡೆಯುತ್ತದೆ. ಅವನು ಸತ್ತರೆ ಮಗ ಕತ್ತಿ ಹಿಡಿಯುತ್ತಾನೆ, ಆಟ ಮುಂದುವರಿಯುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿ 2014ರಲ್ಲಿ ಬಂದಾಗ, ಆಟಗಾರರ ಕೈಪಿಡಿಯಲ್ಲಿ 13 ಹಿನ್ನೆಲೆಗಳನ್ನು ಕೊಟ್ಟಿದ್ದರು. ಸೈನಿಕ, ನಾವಿಕ, ಏಕಾಂತವಾಸಿ, ಬೀದಿಯಲ್ಲಿ ಬೆಳೆದ ಮಗು, ದೇವಾಲಯದ ಸೇವಕ ಹೀಗೆ. ಪ್ರತಿಯೊಬ್ಬರೂ ನಾಲ್ಕು ಸಂಗತಿ ಬರೆಯಬೇಕು. ನಿನ್ನ ಸ್ವಭಾವ ಏನು? ನಿನ್ನ ಆದರ್ಶ ಯಾವುದು? ನಿನ್ನನ್ನು ಕಟ್ಟಿಹಾಕಿರುವ ನಂಟು ಯಾವುದು? ನಿನ್ನ ದೋಷ ಏನು? ಪಾಪನಿವೇದನೆಗೆ ಮುಂಚೆ ನಾವು ಮಾಡುವ ಆತ್ಮಶೋಧನೆಯೇ ಅಲ್ಲವೇ ಇದು ಎಂದು ನಾನು ಕೇಳಿದಾಗ ಹುಡುಗ, "ಹೌದಲ್ವಾ ಫಾದರ್" ಎಂದು ತಲೆ ಕೆರೆದುಕೊಂಡ. ಮರುವರ್ಷ, 2015ರಲ್ಲಿ, 'ಕ್ರಿಟಿಕಲ್ ರೋಲ್' ಎಂಬ ಅಮೆರಿಕದ ತಂಡ ತಾವು ಆಡುವುದನ್ನೇ ಇಂಟರ್‌ನೆಟ್ಟಿನಲ್ಲಿ ತೋರಿಸತೊಡಗಿತು. ಅದರಲ್ಲಿರುವವರು ಕಂಠದಾನ ಕಲಾವಿದರು. ಪಾತ್ರಗಳ ಹಿಂದಿನ ನೋವು ನಲಿವು ಆಟದ ನಡುವೆ ಮೆಲ್ಲಮೆಲ್ಲಗೆ ಹೊರಬರುವುದನ್ನು ನೋಡಿದ ಲಕ್ಷಾಂತರ ಯುವಜನರಿಗೆ ಪೂರ್ವಕಥೆ ಬರೆಯುವ ಹುಚ್ಚು ಹಿಡಿಯಿತು. ನಮ್ಮ ಹುಡುಗನೂ ಅವರಲ್ಲೊಬ್ಬ.

ಹಳೆಯ ಭಯ, ಹೊಸ ಭಯ

ಈ ಆಟ ಸೈತಾನನ ಬಾಗಿಲು ಎಂದು ನೀವು ಎಲ್ಲಿಯಾದರೂ ಕೇಳಿರಬಹುದು. 1979ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಕಾಣೆಯಾದ. ಹುಡುಕಲು ಬಂದ ಖಾಸಗಿ ಪತ್ತೇದಾರರು ಈ ಆಟವೇ ಕಾರಣವಿರಬಹುದು ಎಂದಾಗ ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. ಅದರ ನೆರಳಿನಲ್ಲಿ 1981ರಲ್ಲಿ ಒಂದು ಕಾದಂಬರಿ, 1982ರಲ್ಲಿ ಟಿ.ವಿ. ಚಿತ್ರ ಬಂದವು. ಭಯ ಕಾಡ್ಗಿಚ್ಚಿನಂತೆ ಹಬ್ಬಿತು. ಆದರೆ ಅದೇ ಪತ್ತೇದಾರರು 1984ರಲ್ಲಿ ಪುಸ್ತಕ ಬರೆದು, ಹುಡುಗ ಕಾಣೆಯಾಗಲು ಆಟ ಕಾರಣವಲ್ಲ ಎಂದರು. ಅವನ ಮನಸ್ಸಿನ ಭಾರ, ಒಂಟಿತನ, ಓದಿನ ಒತ್ತಡ ಬೇರೆಯೇ ಇದ್ದವು. ಆಟದ ಮೇಲೆ ಬೆರಳು ತೋರಿಸುವ ಗಲಾಟೆಯಲ್ಲಿ ಆ ಮಗುವಿನ ನೋವನ್ನು ಕೇಳಲು ಜನರಿಗೆ ಪುರುಸೊತ್ತಾಗಿರಲಿಲ್ಲ.

ನನ್ನ ಮುಂದೆ ಅತ್ತ ತಾಯಿಯ ಭಯ ಸೈತಾನನದ್ದಲ್ಲ. "ಅವನ ಮನಸ್ಸಿನಲ್ಲಿ ನಾವು ಇಲ್ಲವೇ ಇಲ್ಲವೇನೋ" ಎಂಬುದು ಆಕೆಯ ಭಯ. ಅದಕ್ಕೆ ಉತ್ತರ ಬೇಕಿತ್ತು.

"ಮನೆಯವರನ್ನೆಲ್ಲ ಯಾಕಪ್ಪಾ ಸಾಯಿಸಿದೆ?" ಎಂದು ನೇರವಾಗಿ ಕೇಳಿದೆ.

"ಎಲ್ಲರೂ ಹಾಗೇ ಬರೀತಾರೆ ಫಾದರ್. ಮನೆ ಇದ್ದರೆ ಅವನು ಕಾಡಿಗೆ ಯಾಕೆ ಹೋಗ್ತಾನೆ? ಅಲ್ಲದೆ ಅಪ್ಪ ಅಮ್ಮ ಅಂತ ಬರೆದರೆ ಗೇಮ್ ಮಾಸ್ಟರ್ ಸುಮ್ಮನೆ ಬಿಡಲ್ಲ. ಶತ್ರು ಕೈಲಿ ಅವರನ್ನ ಹಿಡಿಸ್ತಾರೆ. ಯಾರೂ ಇಲ್ಲದಿದ್ರೆ ಟೆನ್ಷನ್ ಇಲ್ಲ."

ಯಾರೂ ಇಲ್ಲದಿದ್ದರೆ ಟೆನ್ಷನ್ ಇಲ್ಲ! ಆಟದ ಮಾತಾಗಿ ಅದು ನಿಜವೇ. ಇಂಥ ಅನಾಥ ವೀರರು ಈ ಆಟಗಳಲ್ಲಿ ಎಷ್ಟು ಹೆಚ್ಚೆಂದರೆ ಆಟಗಾರರೇ ಅದನ್ನು ತಮಾಷೆ ಮಾಡುತ್ತಾರೆ. ಹಾಗಾಗಿ ಆ ತಾಯಿಗೆ ಅರ್ಧ ಸಮಾಧಾನ ಹೇಳಿದೆ: ಮಗ ನಿಮ್ಮನ್ನು ಸಾಯಿಸಿಲ್ಲಮ್ಮ, ಎಲ್ಲರೂ ಮಾಡುವುದನ್ನು ಮಾಡಿದ್ದಾನೆ. ಉಳಿದರ್ಧ ನನ್ನ ಮನಸ್ಸಿನಲ್ಲೇ ಕೊರೆಯುತ್ತಿತ್ತು.

ಅನಾಥನಾಗಿದ್ದ ಲೇಖಕ

ಈ ಆಟದ ಕುಳ್ಳರು, ಕಾಡುಗಳು, ಮಾಂತ್ರಿಕರಿಗೆ ಒಂದು ದೊಡ್ಡ ಮೂಲ ಜೆ.ಆರ್.ಆರ್. ಟೋಲ್ಕೀನ್ ಅವರ ಕಾದಂಬರಿಗಳು. ಮೊದಲ ಆವೃತ್ತಿಯಲ್ಲಿ 'ಹಾಬಿಟ್' ಎಂಬ ಅವರ ಪದವನ್ನೇ ಬಳಸಿದ್ದರು. ಹಕ್ಕುದಾರರು ಆಕ್ಷೇಪಿಸಿದ ಮೇಲೆ ಅದು 'ಹಾಫ್‌ಲಿಂಗ್' ಆಯಿತು.

ಟೋಲ್ಕೀನ್ ಹುಟ್ಟಿದ್ದು 1892ರಲ್ಲಿ. ನಾಲ್ಕು ವರ್ಷದವನಿದ್ದಾಗ ತಂದೆ ತೀರಿಕೊಂಡರು. ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಸಭೆಗೆ ಸೇರಿದರು, 1904ರಲ್ಲಿ ಮಧುಮೇಹದಿಂದ ತೀರಿಕೊಂಡರು. ಹುಡುಗನಿಗೆ ಆಗ ಹನ್ನೆರಡು. ಅವನನ್ನೂ ತಮ್ಮನನ್ನೂ ನೋಡಿಕೊಂಡದ್ದು ಬರ್ಮಿಂಗ್‌ಹ್ಯಾಮಿನ ಒರೇಟರಿಯ ಗುರು ಫಾದರ್ ಫ್ರಾನ್ಸಿಸ್ ಮಾರ್ಗನ್. ನಂಟೇ ಇಲ್ಲದ ಅನಾಥ ವೀರನ ಕಥೆ ಬರೆಯಲು ಯಾರಿಗಾದರೂ ಹಕ್ಕಿದ್ದರೆ ಅದು ಟೋಲ್ಕೀನರಿಗೆ.

ಅವರು ಏನು ಬರೆದರು? ಅವರ ನಾಯಕ ಫ್ರೋಡೋ ಕೂಡ ಅನಾಥನೇ, ತಂದೆ ತಾಯಿ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಆದರೆ ಅವನನ್ನು ದತ್ತು ತೆಗೆದುಕೊಂಡ ಬಿಲ್ಬೋ ಇದ್ದಾನೆ, ಬೆನ್ನು ಬಿಡದ ಸ್ಯಾಮ್ ಇದ್ದಾನೆ, ಹೂದೋಟ, ಹೊಲ, ಹುಟ್ಟುಹಬ್ಬದೂಟ ಇರುವ ಊರಿದೆ. ಮನೆ ಇಲ್ಲವೆಂದು ಅವನು ಹೊರಟವನಲ್ಲ. ಆ ಮನೆ ಉಳಿಯಬೇಕೆಂದು ಹೊರಟವನು. ಬಿಟ್ಟುಹೋಗಲು ಏನೂ ಇಲ್ಲದವನು ಹೊರಟರೆ ಅದರಲ್ಲಿ ತ್ಯಾಗ ಎಲ್ಲಿಂದ ಬಂತು?

ಇನ್ನೊಂದು ಪಾಠವೂ ಅವರಿಂದ ಸಿಗುತ್ತದೆ. 'ದಿ ಹಾಬಿಟ್' ಬಂದದ್ದು 1937ರಲ್ಲಿ, 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 55ರಲ್ಲಿ. ಆ ಲೋಕದ ಹಳೆಯ ಪುರಾಣಗಳನ್ನು ಅವರು ಮೊದಲ ಮಹಾಯುದ್ಧದ ಕಾಲದಿಂದಲೇ ಬರೆಯುತ್ತಿದ್ದರು. ಅವು ಪುಸ್ತಕವಾದದ್ದು 1977ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ. ಎಷ್ಟೋ ಗೊತ್ತಿದ್ದರೂ ಬೇಕಾದಷ್ಟನ್ನೇ ಹೇಳಿದರು. ಪೂರ್ವಕಥೆ ಬೇರಿನ ಹಾಗೆ ನೆಲದೊಳಗಿದ್ದರೆ ಗಿಡ ನಿಲ್ಲುತ್ತದೆ.

ಕ್ರಿಸ್ಮಸ್ ನಾಟಕದ ಛತ್ರದವನು

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಗುರುಮಠದ ದಿನಗಳು ನೆನಪಾದವು. ಒಂದು ಕ್ರಿಸ್ಮಸ್ ನಾಟಕದಲ್ಲಿ ನನಗೆ ಸಿಕ್ಕಿದ್ದು ಛತ್ರದ ಯಜಮಾನನ ಪಾತ್ರ. ಮಾತು ಒಂದೇ: "ಇಲ್ಲಿ ಜಾಗ ಇಲ್ಲ, ಹೋಗಿ." ನಾನು ಅದನ್ನು ಗರ್ಜಿಸಿ ಹೇಳುತ್ತಿದ್ದೆ. ನಾಟಕ ಕಲಿಸುತ್ತಿದ್ದ ಹಿರಿಯ ಸಹೋದರರು ಒಂದು ದಿನ ನಿಲ್ಲಿಸಿ ಕೇಳಿದರು: "ಅವನಿಗೆ ಮಕ್ಕಳೆಷ್ಟು? ಆ ರಾತ್ರಿ ಊಟ ಮಾಡಿದ್ದಾನಾ? ಇಲ್ಲ ಅಂತ ಹೇಳಿದ್ದು ಅಂದು ಎಷ್ಟನೆಯ ಸಲ?"

ನಾನು ಬೆಪ್ಪಾದೆ. ಶುಭಸಂದೇಶದಲ್ಲಿ ಇದೆಲ್ಲ ಎಲ್ಲಿದೆ? ತೆರೆದು ನೋಡಿದರೆ ಛತ್ರದಲ್ಲಿ ಸ್ಥಳವಿರಲಿಲ್ಲ ಎಂಬ ಮಾತು ಮಾತ್ರ ಇದೆ, ಯಜಮಾನನೇ ಇಲ್ಲ! ನಾವೇ ಅವನನ್ನು ಸೃಷ್ಟಿಸಿ ನಾವೇ ಕಟುಕನನ್ನಾಗಿ ಮಾಡಿದ್ದೆವು. ಆ ರಾತ್ರಿ ಕುಳಿತು ಅವನಿಗೊಂದು ಬದುಕು ಯೋಚಿಸಿದೆ. ಜನಗಣತಿಗೆ ಬಂದ ನೂರಾರು ಜನ, ಸೋರುವ ಸೂರು, ಒಳಗೆ ಜ್ವರದಲ್ಲಿ ಮಲಗಿದ ಹೆಂಡತಿ, ಬೆಳಗಿನಿಂದ ಇಪ್ಪತ್ತು ಜನಕ್ಕೆ ಇಲ್ಲ ಎಂದು ಹೇಳಿ ಬತ್ತಿದ ಗಂಟಲು. ನಾಟಕದ ದಿನ ಅದೇ ಮಾತನ್ನು ಮೆಲ್ಲಗೆ ಹೇಳಿದೆ, ತಲೆ ತಗ್ಗಿಸಿ. ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೂ ಮುಂದಿನ ಸಾಲಿನಲ್ಲಿ ಕುಳಿತವರು ಗದ್ದಲ ನಿಲ್ಲಿಸಿದರು.

ಗುರುವಾದ ಮೇಲೆ ಆ ಪಾಠ ನನಗೆ ಹಲವು ಸಲ ಮರೆತೂ ಹೋಗಿದೆ. ಪೂಜೆಗೆ ತಡವಾಗಿ ಬಂದವರನ್ನು, ಸಭೆಯಲ್ಲಿ ಎದುರು ಮಾತಾಡಿದವರನ್ನು ಒಂದೇ ಮಾತಿನಿಂದ ಅಳೆದುಬಿಟ್ಟಿದ್ದೇನೆ. ಅವರ ಒಳಮನೆಯಲ್ಲಿ ಯಾರು ಜ್ವರದಲ್ಲಿ ಮಲಗಿದ್ದರೋ ಕೇಳಿರಲಿಲ್ಲ.

ಹಾಳೆ ವಾಪಸ್ ಬಂತು

ಹುಡುಗರು ಆಟಕ್ಕಾಗಿ ಶನಿವಾರ ಬೆಂಗಳೂರಿಗೆ ಹೋಗುತ್ತಿದ್ದರು. ಬಸ್ಸಿನ ಖರ್ಚು, ರಾತ್ರಿ ಹೊತ್ತಾಗುವುದು, ತಾಯಂದಿರ ಗಾಬರಿ. ನಾನು ಧರ್ಮೋಪದೇಶದ ಕೋಣೆಯೊಂದನ್ನು ಶನಿವಾರ ಮಧ್ಯಾಹ್ನ ಬಿಟ್ಟುಕೊಟ್ಟೆ. ಷರತ್ತು ಎರಡೇ: ಆರು ಗಂಟೆಗೆ ಮುಗಿಸಬೇಕು, ಮನೆಯವರು ಯಾರು ಬೇಕಾದರೂ ಬಂದು ನೋಡಬಹುದು. ಆ ಮೇಜಿನಲ್ಲಿ ಕನ್ನಡದಲ್ಲಿ ಜಗಳ, ತಮಿಳಿನಲ್ಲಿ ತಮಾಷೆ, ಇಂಗ್ಲಿಷಿನಲ್ಲಿ ನಿಯಮ. ನಮ್ಮ ಗಡಿನಾಡಿನ ಮಕ್ಕಳು ಬೇರೆ ಹೇಗೆ ಆಡಿಯಾರು?

ಗೇಮ್ ಮಾಸ್ಟರ್ ಆಗಿದ್ದವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಎಲ್ಲರೂ ಅಕ್ಕ ಎನ್ನುತ್ತಾರೆ. ನಮ್ಮ ಹುಡುಗನ ಎರಡು ಹಾಳೆ ಓದಿ ಅವಳು ವಾಪಸ್ ಕೊಟ್ಟಳು. "ಇಲ್ಲಿ ನಾನು ಆಡಿಸೋದಕ್ಕೆ ಏನೂ ಇಲ್ಲ ಕಣೋ. ಎಲ್ಲರೂ ಸತ್ತಿದ್ದಾರೆ. ಬದುಕಿರೋ ಒಬ್ಬರ ಹೆಸರು ಕೊಡು."

ಅವಳು ಆ ಮಕ್ಕಳಿಗೆ ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ. ಅದರ ಸಾರ ಹೀಗಿದೆ.

ಮೊದಲನೆಯದು, ಒಂದು ಪುಟ ಸಾಕು. ಹೊಸ ಪಾತ್ರಕ್ಕೆ ದೊಡ್ಡ ಪರಾಕ್ರಮ ಬೇಡ. ನೂರು ರಾಕ್ಷಸರನ್ನು ಈಗಾಗಲೇ ಕೊಂದವನು ಮೊದಲ ದಿನ ನರಿಗೆ ಹೆದರಿ ಓಡುವುದು ಹೇಗೆ?

ಎರಡನೆಯದು, ಒಂದು ಬಯಕೆ. ಚಿನ್ನ ಬೇಕು, ಶಕ್ತಿ ಬೇಕು ಎಂದರೆ ಸಾಲದು. ಯಾಕೆ ಬೇಕು? ಅಡವಿಟ್ಟ ಹೊಲ ಬಿಡಿಸಿಕೊಳ್ಳಲು ಬೇಕು ಎಂದರೆ ಅಲ್ಲಿ ಕಥೆ ಇದೆ.

ಮೂರನೆಯದು, ಬದುಕಿರುವ ಒಂದು ನಂಟು. ತಾಯಿ, ತಂಗಿ, ಗುರು, ಸಾಲ ಕೊಟ್ಟವನು, ಯಾರಾದರೂ ಸರಿ. ಅವರು ಕಷ್ಟದಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಹೆದರಿಕೆಯೇ ಆಟದ ಜೀವ.

ನಾಲ್ಕನೆಯದು, ನಿಜವಾದ ಒಂದು ದೋಷ. ನಾನು ಅತಿ ಒಳ್ಳೆಯವನು ಎಂಬುದು ದೋಷವಲ್ಲ. ಕೋಪ, ಹೇಡಿತನ, ಕ್ಷಮೆ ಕೇಳಲಾಗದ ಹಠ, ಇಂಥದು. ಇತರರಿಗೆ ಆಟ ಕೆಡಿಸುವಷ್ಟು ದೊಡ್ಡದಿರಬಾರದು.

ಐದನೆಯದು, ಮುಚ್ಚದ ಒಂದು ಬಾಗಿಲು. ಎಲ್ಲವನ್ನೂ ಬರೆದು ಮುಗಿಸಬೇಡ. ಬರೆದವನಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಉಳಿದಿರಲಿ. ಆಟದಲ್ಲಿ ಅದನ್ನು ಎಲ್ಲರೂ ಸೇರಿ ಹುಡುಕಬೇಕು.

ಕೊನೆಯದಾಗಿ, ಉಳಿದವರ ಜೊತೆ ಇರಲು ಒಂದು ಕಾರಣ. ಮೂಲೆಯಲ್ಲಿ ಮುಖ ಸಿಂಡರಿಸಿಕೊಂಡು ಕೂರುವ ಒಂಟಿ ವೀರನಿಂದ ಮೇಜಿಗೆ ಏನೂ ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಅವಳು ಕೊಟ್ಟಳು. ಆಟ ಶುರುವಾಗುವ ಮುಂಚೆ ಎಲ್ಲರೂ ಕೂತು, ಯಾವ ವಿಷಯ ಬೇಡ ಎಂದು ಮಾತಾಡಿಕೊಳ್ಳಬೇಕು. ಹಸಿ ಗಾಯವನ್ನು ಹೇಳದೆ ಕೇಳದೆ ಮೇಜಿನ ಮೇಲೆ ತಂದಿಟ್ಟರೆ ತನಗೂ ನೋವು, ಪಕ್ಕದವರಿಗೂ ಸಂಕಟ. ನಾನೂ ಸೇರಿಸುತ್ತೇನೆ: ಈ ಆಟ ಪಾಪನಿವೇದನೆಯೂ ಅಲ್ಲ, ವೈದ್ಯರ ಚಿಕಿತ್ಸೆಯೂ ಅಲ್ಲ. ಮಗು ಹಗಲು ರಾತ್ರಿ ಆಟದ ಲೋಕದಲ್ಲೇ ಇದ್ದು ಊಟ, ನಿದ್ದೆ, ಸ್ನೇಹಿತರನ್ನು ಬಿಟ್ಟಿದ್ದರೆ ಬೈಯುವ ಮುಂಚೆ ಹತ್ತಿರ ಕೂತು ಮಾತಾಡಿ. ಬೇಕಾದರೆ ತಿಳಿದವರ ಸಹಾಯ ಪಡೆಯಿರಿ.

ಕಮ್ಮಾರನ ಕೈ

ಎರಡು ವಾರ ಹುಡುಗ ಏನೂ ಬರೆಯಲಿಲ್ಲ. ಮೂರನೆಯ ಶನಿವಾರ ಒಂದೇ ಹಾಳೆ ತಂದ. ಊರು ಸುಟ್ಟಿರಲಿಲ್ಲ. ಬಿಲ್ಲುಗಾರನಿಗೆ ಈಗ ಒಬ್ಬ ಅಪ್ಪ ಇದ್ದ, ಕಮ್ಮಾರ. ಮಗ ಕುಲುಮೆಯ ಕೆಲಸ ಅರ್ಧಕ್ಕೇ ಬಿಟ್ಟು ಒಂದು ರಾತ್ರಿ ಹೇಳದೆ ಹೊರಟುಹೋಗಿದ್ದ. ಹೋಗುವಾಗ ಅಪ್ಪನ ಒಂದು ಸಣ್ಣ ಸುತ್ತಿಗೆ ಎತ್ತಿಕೊಂಡು ಹೋಗಿದ್ದ, ಯಾಕೆಂದು ಅವನಿಗೇ ಗೊತ್ತಿಲ್ಲ.

ಅಕ್ಕ ಓದಿ ತಲೆಯಾಡಿಸಿದಳು. ನಾನು ಚಹಾ ತಂದಿಡುತ್ತಿದ್ದೆ. ಅವಳು ಸಹಜವಾಗಿ ಕೇಳಿದಳು: "ನಿನ್ನ ಕಮ್ಮಾರನ ಕೈ ಹೇಗಿದೆ? ಕುಲುಮೆಯವರ ಕೈಯಲ್ಲಿ ಏನಾದ್ರೂ ಗಾಯ ಇದ್ದೇ ಇರುತ್ತೆ. ಏನಾಗಿತ್ತು?"

ಹುಡುಗ ಬಾಯಿ ತೆರೆದ, ಮುಚ್ಚಿದ. "ನಾಳೆ ಹೇಳ್ತೀನಿ ಅಕ್ಕ," ಎಂದ. ಅವನ ಅಪ್ಪನ ಬಲಗೈ ತೋರುಬೆರಳು ತುದಿಯಲ್ಲಿ ತುಂಡಾಗಿದೆ. ಪರಮಪ್ರಸಾದಕ್ಕೆ ಕೈ ಚಾಚಿದಾಗ ನಾನೂ ಎಷ್ಟೋ ಸಲ ನೋಡಿದ್ದೇನೆ. ಕೇಳಿರಲಿಲ್ಲ. ಆ ಕೈ ಹಿಡಿದು ಬೆಳೆದ ಮಗನೂ ಕೇಳಿರಲಿಲ್ಲ.

ಮುಂದಿನದು ತಾಯಿ ನನಗೆ ಹೇಳಿದ್ದು. ಆ ರಾತ್ರಿ ಊಟ ಮಾಡುವಾಗ ಹುಡುಗ ತಟ್ಟೆಯನ್ನೇ ನೋಡುತ್ತ ಕೇಳಿದನಂತೆ: "ಅಪ್ಪ, ನಿಮ್ಮ ಬೆರಳಿಗೆ ಏನಾಗಿತ್ತು?" ಒಂದು ವರ್ಷದಲ್ಲಿ ಅಪ್ಪನನ್ನು ಕುರಿತು ಅವನಾಡಿದ ಮೊದಲ ಉದ್ದದ ಮಾತು ಅದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹುಟ್ಟಿದ ವಾರ," ಎಂದರಂತೆ. ಮಗುವಿಗೆ ಕಾಮಾಲೆ ಎಂದು ಆಸ್ಪತ್ರೆಯಲ್ಲಿಟ್ಟಿದ್ದರು. ಬಿಲ್ಲು ಕಟ್ಟಲು ಎರಡು ಪಾಳಿ ಸೇರಿಸಿ ಕೆಲಸ ಮಾಡುತ್ತಿದ್ದರು. ಮೂರನೆಯ ರಾತ್ರಿ ಲೇತ್ ಮುಂದೆ ನಿಂತವರಿಗೆ ಕಣ್ಣು ಕೂರಿತು. ಅಷ್ಟೇ.

"ಬೆರಳು ಹೋಯ್ತು ಅಂತ ಗೊತ್ತಿತ್ತು ಸ್ವಾಮಿ. ಮೂರು ರಾತ್ರಿ ಮಲಗಿರಲಿಲ್ಲ ಅಂತ ನನಗೂ ಹೇಳಿರಲಿಲ್ಲ," ಎಂದರು ತಾಯಿ. ಅಂದು ಅಪ್ಪ ಒಂದು ಗಂಟೆ ಮಾತಾಡಿದರಂತೆ. ಹಳ್ಳಿಯಿಂದ ಹೊಸೂರಿಗೆ ಬಂದದ್ದು, ಮೊದಲ ಸಂಬಳ, ಲೇತ್ ಕಲಿಸಿದ ಮೇಸ್ತ್ರಿಯ ಏಟು ಎಲ್ಲ.

ಆಟ ಒಂದು ಕುಟುಂಬವನ್ನು ಸರಿಪಡಿಸಿತು ಎಂದು ನಾನು ಹೇಳಲಾರೆ. ಪಾಲಿಟೆಕ್ನಿಕ್ ವಿಷಯ ಬಂದರೆ ಆ ಮನೆಯಲ್ಲಿ ಈಗಲೂ ದನಿ ಏರುತ್ತದೆ. ಆದರೆ ಮಾತು ನಿಂತಿಲ್ಲ. ಒಂದು ಶನಿವಾರ ಆಟದಲ್ಲಿ ಸಂತೆಯ ನಡುವೆ ಕಮ್ಮಾರ ಎದುರಾದ. ಮೇಜಿನ ಸುತ್ತ ಎಲ್ಲರೂ ಕಾದರು. ಹುಡುಗ ದಾಳ ಮುಟ್ಟಲಿಲ್ಲ. "ನನ್ನ ಕ್ಯಾರೆಕ್ಟರ್ ಚೀಲದಿಂದ ಸುತ್ತಿಗೆ ತೆಗೀತಾನೆ. ಅಪ್ಪನ ಮುಂದೆ ಇಡ್ತಾನೆ," ಎಂದ. ಬಾಗಿಲ ಬಳಿ ಅವನ ತಾಯಿ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದರು. ಮಗನಿಗೆ ಗೊತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ

ಪ್ರಿಯರೇ, ಮಕ್ಕಳು ಕಾಲ್ಪನಿಕ ಮನುಷ್ಯನಿಗೆ ಅಪ್ಪ ಯಾರು, ಅಮ್ಮ ಯಾರು, ಅವನ ಎದೆಯಲ್ಲಿ ಯಾವ ಮುಳ್ಳಿದೆ ಎಂದು ಇಷ್ಟು ಆಸ್ಥೆಯಿಂದ ಯೋಚಿಸಬಲ್ಲರು. ಅಷ್ಟೇ ಆಸ್ಥೆಯಿಂದ ಪಕ್ಕದ ಕೋಣೆಯಲ್ಲಿ ಮಲಗಿರುವ ಅಜ್ಜನ ಬಗ್ಗೆ ಯೋಚಿಸುವುದನ್ನು ನಾವು ಅವರಿಗೆ ಕಲಿಸಿದ್ದೇವೆಯೇ? ದೊಡ್ಡವರಾದ ನಾವು ಕಲಿತಿದ್ದೇವೆಯೇ?

ಈ ತಿಂಗಳು ಒಂದು ಸಂಜೆ, ಟಿ.ವಿ. ಆರಿಸಿ, ಜಪಸರ ಮುಗಿಸಿ, ಮನೆಮಂದಿ ಎಲ್ಲ ಕೂತು ಒಂದು ಸಣ್ಣ ಆಟ ಆಡಿ. ಪ್ರತಿಯೊಬ್ಬರೂ ಮನೆಯ ಇನ್ನೊಬ್ಬರ ಪೂರ್ವಕಥೆ ಹೇಳಬೇಕು. ನನ್ನ ವಯಸ್ಸಿನಲ್ಲಿ ಅಮ್ಮ ಏನಾಗಬೇಕು ಎಂದುಕೊಂಡಿದ್ದರು? ಅಪ್ಪ ಯಾವುದಕ್ಕೆ ಹೆದರುತ್ತಾರೆ? ಅಜ್ಜಿ ಹುಟ್ಟಿದ ಊರಿನ ಹೆಸರೇನು? ಮಗ ಇತ್ತೀಚೆಗೆ ಯಾವುದಕ್ಕೆ ಅತ್ತ? ಗೊತ್ತಿಲ್ಲದ ಕಡೆ ನಿಲ್ಲಿಸಿ, ಅವರನ್ನೇ ಕೇಳಿ. ಅದಕ್ಕೆ ದಾಳವೂ ಬೇಡ, ಪುಸ್ತಕವೂ ಬೇಡ.

ಎಲ್ಲರೂ ಕೂಡಿ ನಗುತ್ತ ಶುರುಮಾಡುತ್ತೀರಿ. ಎಲ್ಲೋ ಒಂದು ಕಡೆ ಎಲ್ಲರೂ ಸುಮ್ಮನಾಗುತ್ತೀರಿ. ಅಲ್ಲಿ ಅವಸರ ಮಾಡಬೇಡಿ. ಸ್ವಲ್ಪ ಹೊತ್ತು ಹಾಗೇ ಕೂತಿರಿ.